ಹದಣ್ಣ ಆಡಿದ ಒಂದೇ ಒಂದು ಒಳ್ಳೆಯ ಮಾತು

ಹದಣ್ಣನ ಕೈಯಲ್ಲಿ ಎದ್ದ ಸಸಿ ಸಾಯುವುದಿಲ್ಲ ಎಂಬ ಮಾತು ಸಸಿಮನೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಅವನ ಕೈಯಲ್ಲಿ ಬೆಳೆದ ಮನುಷ್ಯರ ವಿಷಯ ಬಂದರೆ ಮಾತ್ರ ಅದೇ ಬಾಯಿಗಳು ಮುಚ್ಚಿಕೊಳ್ಳುತ್ತಿದ್ದವು. ಸಸಿಗಳಿಗೆ ಬಾಯಿಲ್ಲ. ಮಗಳಿಗೆ ಬಾಯಿತ್ತು, ಆದರೆ ಅದನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು. ಹೆಂಡತಿಗೆ ಇತ್ತೋ ಇಲ್ಲವೋ, ಅವನು ಯಾವತ್ತೂ ಕೇಳಿ ನೋಡಿದವನಲ್ಲ.

ಹದಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವರಿಟ್ಟ ಹೆಸರು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಹೊರಗೆ ಬಂದು, ಗಾಳಿ ಕುಡಿದು, ಮತ್ತೆ ಒಳಗೆ ಹೋಗುತ್ತಿತ್ತು. ಎಂಥ ಮಾತಿಗೂ "ಸ್ವಲ್ಪ ಹದ ಆಗ್ಲಿ" ಎನ್ನುವುದು ಅವನ ಚಾಳಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಕೂರಲು ಸ್ಟೂಲು ಕೇಳಿದರೆ "ನಿಂತ್ಕೊಂಡೇ ಮಾಡಿ, ಹದ ಆಗ್ಲಿ" ಎನ್ನುತ್ತಿದ್ದ. ಹೆಂಡತಿ ಹಲ್ಲುನೋವು ಎಂದಾಗ "ತಡಕೋ, ಹದ ಆಗುತ್ತೆ" ಎಂದಿದ್ದ. ಹಲ್ಲು ಹದವಾಗಲಿಲ್ಲ, ಬಿದ್ದೇ ಹೋಯಿತು. "ನೋಡ್ದ್ಯಾ, ನೋವು ಹೋಯ್ತಲ್ಲ" ಎಂದು ಅದಕ್ಕೂ ತಾನೇ ಗೆದ್ದವನ ಹಾಗೆ ನಕ್ಕ.

ಅವನು ಕೆಲಸ ಮಾಡುತ್ತಿದ್ದದ್ದು ತರಕಾರಿ ಸಸಿ ಎಬ್ಬಿಸಿ ಮಾರುವ ದೊಡ್ಡ ಸಸಿಮನೆಯಲ್ಲಿ. ಹಸಿರು ಬಲೆ ಹೊದಿಸಿದ ಉದ್ದನೆಯ ಚಪ್ಪರ, ಅದರೊಳಗೆ ಸಾಲು ಸಾಲು ಕಬ್ಬಿಣದ ಬೆಂಚು, ಬೆಂಚಿನ ಮೇಲೆ ಗುಳಿಗುಳಿಯಾದ ಕಪ್ಪು ಟ್ರೇಗಳು, ಗುಳಿಗೊಂದು ಬೀಜ. ಬೀಜ ಮೊಳೆತು ಸಸಿಯಾಗುವವರೆಗೆ ಅದು ನೀರಿನಕ್ಕನ ವಶ. ನೀರಿನಕ್ಕ ಎಂದರೆ ಪೈಪು ಹಿಡಿದು ಬೆಂಚಿನಿಂದ ಬೆಂಚಿಗೆ ಓಡಾಡುವ ಹೆಂಗಸು. ಬಾಯಿ ಜೋರು, ಕೈ ಮೃದು. ಅವಳು ಮುದ್ದಿನಿಂದ ಬೆಳೆಸಿದ ಸಸಿಗಳು ಮಾರಾಟಕ್ಕೆ ಹೋಗುವ ಮೊದಲು ಚಪ್ಪರದ ತುದಿಯಲ್ಲಿದ್ದ ಹದಣ್ಣನ ಬೆಂಚಿಗೆ ಬರಬೇಕು. ತವರಿನಲ್ಲಿ ಉಂಡುಟ್ಟು ಬೆಳೆದ ಹುಡುಗಿ ಕೆಟ್ಟ ಅತ್ತೆಯ ಮನೆಗೆ ಬಂದ ಹಾಗೆ, ಎಂದು ನೀರಿನಕ್ಕ ಪ್ರತಿಸಲವೂ ಹೇಳುತ್ತಿದ್ದಳು. ಟ್ರೇ ಕೊಡುವಾಗ ಅವಳ ಮುಖ ನಿಜವಾಗಿಯೂ ಸಪ್ಪಗಾಗುತ್ತಿತ್ತು.

ಆ ಅತ್ತೆಮನೆಯಲ್ಲಿ ಮೊದಲ ಉಪಚಾರ ಬಾಯಾರಿಕೆ. ಎಲೆ ಜೋತು ಬೀಳುವವರೆಗೆ ನೀರಿಲ್ಲ. ಜೋತು ಬಿದ್ದ ಮೇಲೂ ಹದಣ್ಣ ಒಂದು ಬೀಡಿ ಸೇದಿ ಮುಗಿಸುವವರೆಗೆ ನೀರಿಲ್ಲ. ಎರಡನೆಯದು ಪೊರಕೆ. ಮೆತ್ತನೆಯ ಪೊರಕೆ ಹಿಡಿದು ಬೆಳಿಗ್ಗೆ ಸಂಜೆ ಸಸಿಗಳ ತಲೆ ಸವರುತ್ತಿದ್ದ. ಬಗ್ಗಿ ಎದ್ದು, ಬಗ್ಗಿ ಎದ್ದು ಅವುಗಳ ಕಾಂಡ ಗಿಡ್ಡವಾಗಿ, ದಪ್ಪವಾಗಿ, ಜಗಳಗಂಟರ ಕುತ್ತಿಗೆಯ ಹಾಗೆ ಆಗುತ್ತಿತ್ತು. ಮೂರನೆಯದು ಅವನ ಗುಟ್ಟಿನ ಮದ್ದು. ರೋಗ ಬಿದ್ದ ಎಲೆಗಳನ್ನು ಅರೆದು, ಕುದಿಸಿ, ಆರಿಸಿ, ಆ ನೀರನ್ನು ಸಸಿಗಳ ಕೆಳಗಿನ ಎಲೆಗೆ ಚಿಮುಕಿಸುತ್ತಿದ್ದ. "ಕಳ್ಳನ ಮುಖ ಮೊದ್ಲೇ ತೋರಿಸಿಟ್ರೆ ಆಮೇಲೆ ಬಾಗಿಲು ತೆಗೆಯಲ್ಲ" ಎನ್ನುವುದು ಅವನ ವಾದ. ವಾದ ಪೂರ್ತಿ ಸುಳ್ಳೂ ಆಗಿರಲಿಲ್ಲ, ಅದೇ ಮುಂದಿನ ಅನಾಹುತಕ್ಕೆಲ್ಲ ಮೂಲ. ಸುಳ್ಳನ್ನು ನಂಬಿದವನನ್ನು ಹೇಗೋ ಸರಿಮಾಡಬಹುದು. ಅರ್ಧ ಸತ್ಯ ಸಿಕ್ಕಿದವನ ಹತ್ತಿರ ವಾದಕ್ಕೆ ನಿಲ್ಲುವ ಧೈರ್ಯ ಯಾರಿಗಿದೆ?

ಹದಣ್ಣನ ಅಪ್ಪ ಬಡಗಿ. ಉಳಿ ತಪ್ಪಿದರೆ ಹಿಡಿಯಿಂದ ಮಗನ ಬೆರಳಿಗೆ ಹೊಡೆಯುತ್ತಿದ್ದ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಮ್ಮಪ್ಪ ಬಡಿದ, ಅದಕ್ಕೇ ನಾನು ಇವತ್ತು ಹೀಗಿದೀನಿ" ಎಂದು ಹದಣ್ಣ ಎದೆ ತಟ್ಟಿಕೊಳ್ಳುತ್ತಿದ್ದ. ಕೇಳಿದವರು, ಹೀಗೆ ಎಂದರೆ ಹೇಗೆ ಎಂದು ಅವನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಹೊಟ್ಟೆಹುಣ್ಣು, ಸದಾ ಗಂಟು ಹಾಕಿದ ಹುಬ್ಬು, ಊಟದ ಡಬ್ಬಿ ತೆರೆಯಲು ಯಾರಿಲ್ಲದ ಮೂಲೆ ಹುಡುಕುವ ಅಭ್ಯಾಸ. ಯಾರಾದರೂ ಬೆನ್ನು ತಟ್ಟಿದರೆ ಹೌಹಾರಿ ಪಕ್ಕಕ್ಕೆ ಹಾರುತ್ತಿದ್ದ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ಹದಣ್ಣ ತಣ್ಣೀರನ್ನೂ ಊದುವ ಜಾತಿ.

ಮಗಳು ಹುಟ್ಟಿದಾಗ ಅವನಿಗೆ ಪ್ರಾಣಕ್ಕಿಂತ ಹೆಚ್ಚಾದಳು. ಇದು ಸುಳ್ಳಲ್ಲ, ಪ್ರೀತಿ ಇಲ್ಲದವನಾಗಿದ್ದರೆ ಅವಳನ್ನು ಅವಳ ಪಾಡಿಗೆ ಬಿಟ್ಟಿರುತ್ತಿದ್ದ, ಅವಳೂ ಸುಖವಾಗಿರುತ್ತಿದ್ದಳು. ಹದಣ್ಣ ಅವಳನ್ನು ಹದ ಮಾಡಲು ಕೂತ. ಅವನ ಒಂದು ಪದ್ಧತಿ ಹೀಗಿತ್ತು: ಭಾನುವಾರ ಕೆರೆ ನೋಡಲು ಕರೆದುಕೊಂಡು ಹೋಗುತ್ತೇನೆ ಎಂದು ವಾರವೆಲ್ಲ ಹೇಳುವುದು, ಮಗು ಫ್ರಾಕು ಹಾಕಿ, ತಲೆ ಬಾಚಿಸಿಕೊಂಡು, ಶೂ ಕಟ್ಟಿ ಬಾಗಿಲಿಗೆ ಬಂದು ನಿಂತಾಗ "ಇವತ್ತಿಲ್ಲ" ಎನ್ನುವುದು. ಮಗು ಅತ್ತರೆ "ಅಳು, ಹದ ಆಗ್ಲಿ." ಮರುದಿನ ತಾನೇ ಕರೆದುಕೊಂಡು ಹೋಗಿ ಬೇಕಾದ್ದೆಲ್ಲ ತೋರಿಸಿ, ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ಅವನ ಪ್ರಕಾರ ಲೆಕ್ಕ ಅಲ್ಲಿಗೆ ಚುಕ್ತಾ. ಮಗಳ ಪ್ರಕಾರ ಅಲ್ಲ. ಸ್ವಲ್ಪ ದೊಡ್ಡವಳಾದ ಮೇಲೆ ಎಲ್ಲಿಗೆ ಹೊರಟರೂ ಅವಳು ಶೂ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಬರುತ್ತಿದ್ದಳು. ಬಸ್ಸು ಹೊರಟ ಮೇಲೆ ಹಾಕಿಕೊಳ್ಳುತ್ತಿದ್ದಳು. ಹದಣ್ಣ ಇದನ್ನು ನೋಡಿ ಹೆಮ್ಮೆಪಟ್ಟ.

ಹೆಂಡತಿಯ ಅಡುಗೆಯನ್ನು ಬಾಯಿಗಿಡುವ ಮೊದಲೇ "ಉಪ್ಪಿಲ್ಲ" ಎನ್ನುವುದು ಇನ್ನೊಂದು ಪದ್ಧತಿ. ಹೊಗಳಿದರೆ ಕೈ ಸಡಿಲವಾಗುತ್ತದೆ ಎಂಬ ಭಯ ಅವನಿಗೆ. ಆ ಹೆಂಗಸು ಮೊದಮೊದಲು ಉಪ್ಪು ಹೆಚ್ಚಿಗೆ ಹಾಕಿದಳು, ಆಮೇಲೆ ಉಪ್ಪಿನ ಡಬ್ಬಿಯನ್ನೇ ತಟ್ಟೆಯ ಪಕ್ಕ ಇಟ್ಟಳು, ಕೊನೆಗೆ ಅವನ ಪಾಲಿನ ಅಡುಗೆಗೆ ಉಪ್ಪು ಹಾಕುವುದನ್ನೇ ಬಿಟ್ಟಳು. ಅವನಿಗೆ ತಿಳಿಯಲೇ ಇಲ್ಲ. ಎಷ್ಟೋ ವರ್ಷ "ಉಪ್ಪಿಲ್ಲ" ಎಂದು ನಿಜವನ್ನೇ ಹೇಳುತ್ತ, ಡಬ್ಬಿಯಿಂದ ಸುರಿದುಕೊಂಡು ಉಂಡ.

ಒಂದು ವರ್ಷ ಎಲ್ಲ ಕಡೆ ಟೊಮೆಟೊಗೆ ಎಲೆಸುಡುವ ರೋಗ ಬಂತು. ಬೇರೆ ಸಸಿಮನೆಗಳಿಂದ ಹೋದ ಗಿಡಗಳು ಬೆಂಕಿ ತಗುಲಿದ ಹಾಗೆ ಕಪ್ಪಾಗಿ ಮಲಗಿದವು. ಹದಣ್ಣನ ಬೆಂಚಿನಿಂದ ಹೋದವು ಕೆಳಗಿನ ಒಂದೆರಡು ಎಲೆ ಕಳೆದುಕೊಂಡು ನಿಂತೇ ಇದ್ದವು. ಸಸಿಮನೆಯ ಯಜಮಾನರಿಗೆ ಆಶ್ಚರ್ಯವೂ ಆಯಿತು, ಜಾಹೀರಾತಿನ ಆಸೆಯೂ ಹುಟ್ಟಿತು. ಗಿಡಗಳ ರೋಗದ ಮೇಲೆ ಸಂಶೋಧನೆ ಮಾಡುವ ಒಬ್ಬ ಮೇಡಂರನ್ನು ಕರೆಸಿದರು. ಮೇಡಂ ಭೂತಗನ್ನಡಿ ಹಿಡಿದು ಎಲೆಗಳನ್ನೆಲ್ಲ ನೋಡಿ, ಪೊರಕೆಯನ್ನೂ ನೋಡಿ, ಬಹಳ ಖುಷಿಯಾಗಿ, ಕೆಲಸದವರಿಗೆಲ್ಲ ಒಂದು ಪಾಠ ಹೇಳುತ್ತೇನೆ ಎಂದರು. ಎಲ್ಲರೂ ಚಪ್ಪರದಡಿ ಕ್ರೇಟುಗಳನ್ನು ಮಗುಚಿ ಹಾಕಿಕೊಂಡು ಕೂತರು. ಓದು ಮುಗಿಸಿ ಅಪ್ಪನ ಕೈಕೆಳಗೇ ಕೆಲಸಕ್ಕೆ ಸೇರಿದ್ದ ಮಗಳು ಹಿಂದಿನ ಸಾಲಿನಲ್ಲಿದ್ದಳು. ಹದಣ್ಣ ಮುಂದಿನ ಸಾಲಿನಲ್ಲಿ, ಮದುಮಗನ ಗತ್ತಿನಲ್ಲಿ.

"ಗಿಡಕ್ಕೆ ಮಿದುಳಿಲ್ಲ. ಆದ್ರೂ ಆಗಿದ್ದು ಅದಕ್ಕೆ ನೆನಪಿರುತ್ತೆ" ಎಂದು ಮೇಡಂ ಶುರುಮಾಡಿದರು. "ಒಂದೆಲೆಗೆ ರೋಗ ತಗುಲಿದ್ರೆ ಆ ಎಲೆ ಸುಮ್ನೆ ಸಾಯಲ್ಲ, ಉಳಿದ ಎಲೆಗಳಿಗೆಲ್ಲ ಸುದ್ದಿ ಮುಟ್ಟಿಸುತ್ತೆ. ಮುಂದಿನ ಸಲ ರೋಗ ಬಂದಾಗ ಗಿಡ ಕಕ್ಕಾಬಿಕ್ಕಿ ಆಗಲ್ಲ, ತಯಾರಾಗಿರುತ್ತೆ. ಒಂದ್ಸಲ ಬಾಯಾರಿದ ಗಿಡ ಎರಡನೇ ಸಲ ಬಾಯಾರಿದಾಗ ಎಲೆಯ ಸಣ್ಣ ಸಣ್ಣ ರಂಧ್ರಗಳನ್ನ ಬೇಗ ಮುಚ್ಕೊಳುತ್ತೆ. ಪುಸ್ತಕದಲ್ಲಿ ಬೇಕಾದ ಹಾಳೆಯ ಮೂಲೆ ಮಡಚಿಡ್ತೀವಲ್ಲ, ಹಾಗೆ. ಅಕ್ಷರ ಬದಲಾಗಲ್ಲ, ಆದ್ರೆ ಆ ಪುಟ ತಕ್ಷಣ ಸಿಗುತ್ತೆ. ಕೆಲವು ಸಲ ಆ ಮಡಿಕೆ ಬೀಜದವರೆಗೂ ಹೋಗುತ್ತೆ. ಒಟ್ನಲ್ಲಿ, ಪೆಟ್ಟು ತಿಂದು ಉಳಿದ ಗಿಡ ಗಟ್ಟಿ. ಹದಣ್ಣನೋರು ಮಾಡಿರೋದು ಅದನ್ನೇ."

ಇಷ್ಟು ಕೇಳಿದ್ದೇ ತಡ, ಹದಣ್ಣ ಎದ್ದು ನಿಂತ. ಕೂತಿರುವುದು ಹೇಗೆ ಸಾಧ್ಯ? ಮೊದಲೇ ಕೋತಿ, ಅದಕ್ಕೆ ಹೆಂಡ ಕುಡಿಸಿದ ಹಾಗಾಗಿತ್ತು. "ಒಂದ್ನಿಮಿಷ ಮೇಡಂ" ಎಂದು ಚಪ್ಪರದ ಹೊರಗೆ ಹೋಗಿ ಹೆಂಡತಿಯ ತಮ್ಮನಿಗೆ ಫೋನು ಹಚ್ಚಿದ. ಮಗಳನ್ನು ಇಷ್ಟು ಗೋಳು ಹೊಯ್ದುಕೊಳ್ಳಬೇಡಿ ಭಾವ ಎಂದು ಆ ಮೈದುನ ಯಾವುದೋ ಕಾಲದಲ್ಲಿ ಹೇಳಿದ್ದ. "ಕೇಳಿಸ್ಕೊಂಡ್ಯಾ? ಗಿಡದ ಡಾಕ್ಟ್ರು ಹೇಳ್ತಿದಾರೆ, ನಾನಲ್ಲ!" ಎಂದು ಹದಣ್ಣ ಕಿರುಚುತ್ತಿದ್ದದ್ದು ಚಪ್ಪರದೊಳಗೂ ಕೇಳುತ್ತಿತ್ತು.

ಒಳಗೆ ಮೇಡಂ ಪಾಠ ಮುಂದುವರಿಸಿದ್ದರು. "ಇದರ ಇನ್ನೊಂದು ಮಗ್ಗುಲು ಕೇಳಿ. ನೆನಪಿಟ್ಕೊಳೋದು ಪುಕ್ಕಟೆ ಅಲ್ಲ. ಸದಾ ಕಾವಲು ಕಾಯೋ ಗಿಡದ ಶಕ್ತಿಯೆಲ್ಲ ಕಾವಲಿಗೇ ಹೋಗುತ್ತೆ. ಬೆಳೆಯೋದು ಕಮ್ಮಿ, ಹಣ್ಣು ಕಮ್ಮಿ. ಪೆಟ್ಟಾದ್ಮೇಲೆ ಅದಕ್ಕೆ ಆರಾಮಿನ ದಿನಗಳು ಬೇಕು. ಆರಾಮು ಸಿಕ್ಕಿದ ಗಿಡ ಬೇಡದ ನೆನಪನ್ನ ಎಷ್ಟೋ ಬಿಟ್ಬಿಡುತ್ತೆ. ಮರೆಯೋದು ಗಿಡಕ್ಕೆ ನಷ್ಟ ಅಲ್ಲ, ಜಾಣತನ."

ಹಿಂದಿನ ಸಾಲಿನಲ್ಲಿ ಮಗಳು ಕೈಯೆತ್ತಿ, "ಆರಾಮು ಸಿಗದೇ ಇದ್ರೆ?" ಎಂದು ಕೇಳಿದಳು.

"ಬದುಕಿರುತ್ತೆ. ಆದ್ರೆ ಗಾಳಿ ಬೀಸಿದ್ರೂ ಅದಕ್ಕೆ ರೋಗಾನೇ ಬಂದ ಹಾಗೆ."

ಹದಣ್ಣ ಫೋನು ಮುಗಿಸಿ ಬರುವ ಹೊತ್ತಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ತನಗೇ ಎಂದುಕೊಂಡು ಕೈ ಮುಗಿದ. ಸಂಜೆ ಮಗಳು, "ಅಪ್ಪ, ಮೇಡಂ ಆಮೇಲೂ ಸ್ವಲ್ಪ ಹೇಳಿದ್ರು" ಎಂದು ಬಾಯಿ ತೆರೆದಳು. "ಉಳಿದದ್ದು ನಂಗೊತ್ತು ಬಿಡು" ಎಂದ. ಅವಳು ಮತ್ತೆ ಹೇಳಲಿಲ್ಲ. ಅವಳಿಗೆ ಯಾವುದನ್ನೂ ಎರಡು ಸಲ ಹೇಳುವ ಅಭ್ಯಾಸವಿರಲಿಲ್ಲ.

ಅಲ್ಲಿಂದ ಮುಂದೆ ಹದಣ್ಣನನ್ನು ಹಿಡಿಯುವವರಿಲ್ಲ. ಮೊದಲು ಬರೀ ಒರಟನಾಗಿದ್ದವನು ಈಗ ವಿಜ್ಞಾನಿಯಾದ. ಕೆಲಸದವರ ಚಹಾದ ಬಿಡುವು ಕಡಿತಗೊಳಿಸಿ "ಪೆಟ್ಟು ತಿಂದ ಗಿಡ ಗಟ್ಟಿ, ಮೇಡಂ ಹೇಳಿದಾರೆ" ಎಂದ. ಪೊರಕೆ ಸೇವೆ ಮಧ್ಯಾಹ್ನಕ್ಕೂ ಬಂತು. ಬಾಯಾರಿಕೆಯ ಹೊತ್ತು ಒಂದು ಬೀಡಿಯಿಂದ ಎರಡು ಬೀಡಿಗೆ ಏರಿತು. "ಗಿಡ ಸತ್ರೂ ಪರವಾಗಿಲ್ಲ, ಸೇದಿ ಸೇದಿ ಇವನೇ ಸಾಯ್ತಾನೆ" ಎಂದು ನೀರಿನಕ್ಕ ಎಲ್ಲರಿಗೂ ಕೇಳುವ ಹಾಗೆ ಅಂದಳು.

ಗಿಡಗಳು ಸಾಯಲಿಲ್ಲ, ಅದೇ ತೊಂದರೆ. ಸಸಿ ಕೊಂಡವರು ಒಬ್ಬೊಬ್ಬರಾಗಿ ಬಂದು ಯಜಮಾನರ ಮೇಜಿನ ಮುಂದೆ ನಿಂತರು. "ನಿಮ್ ಗಿಡಕ್ಕೆ ರೋಗ ಬರಲ್ಲ ಸ್ವಾಮಿ, ಒಪ್ತೀವಿ. ಹಣ್ಣೂ ಬರಲ್ಲ. ಗೋಲಿಯಷ್ಟು ಒಂದು ಬಿಟ್ಟು ಸುಮ್ನೆ ಮುಖ ಊದಿಸ್ಕೊಂಡು ನಿಂತಿರುತ್ತೆ." ಯಜಮಾನರು ತಲೆ ಕೆರೆದುಕೊಳ್ಳುತ್ತ ಸಸಿಮನೆಯನ್ನೆಲ್ಲ ಸುತ್ತಿದಾಗ ನೀರಿನ ತೊಟ್ಟಿಯ ಹಿಂದೆ ಒಂದು ಮುರುಕಲು ಬೆಂಚು ಕಣ್ಣಿಗೆ ಬಿತ್ತು. ಅದರ ಮೇಲೂ ಅಕ್ಕಪಕ್ಕದ ಕುಂಡಗಳಲ್ಲೂ ಟೊಮೆಟೊ ಗಿಡಗಳು ಹಣ್ಣಿನ ಭಾರಕ್ಕೆ ಬಾಗಿ ನಿಂತಿದ್ದವು. ಎಲೆಯ ಮೇಲೆ ಒಂದು ಚುಕ್ಕೆಯಿಲ್ಲ. ಮಗಳ ಕೆಲಸ ಅದು. ಅವಳೂ ಬಾಯಾರಿಸುತ್ತಿದ್ದಳು, ಪೊರಕೆ ಆಡಿಸುತ್ತಿದ್ದಳು, ಎಲೆಯ ಕಷಾಯ ಚಿಮುಕಿಸುತ್ತಿದ್ದಳು. ಪ್ರತಿ ಪೆಟ್ಟಿನ ಮೇಲೆ ನೆರಳಿನಲ್ಲಿಟ್ಟು, ನೀರು ಕೊಟ್ಟು, ಕೆಲವು ದಿನ ಮುಟ್ಟದೆ ಬಿಡುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಪಕ್ಕದಲ್ಲಿ ಹೊಸದಾಗಿ ಎರಡನೇ ಸಸಿಮನೆ ಎದ್ದಿತ್ತು. ಅದನ್ನು ಈ ಹುಡುಗಿಗೆ ವಹಿಸಬೇಕು ಎಂದು ಯಜಮಾನರಿಗೆ ಅಲ್ಲೇ ಅನ್ನಿಸಿತು. ಅವರು ಒಳ್ಳೆಯವರು, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಹದಣ್ಣನನ್ನು ಕರೆದು, ಮಗಳು ಪಕ್ಕದಲ್ಲೇ ಟ್ರೇ ತೊಳೆಯುತ್ತಿದ್ದಾಗ, "ನಿಮ್ಮ ಕೈಕೆಳಗೆ ಇರೋಳು. ನಿಮ್ಮ ಮಾತಿಲ್ದೆ ನಾನು ಎತ್ತಿ ಕೂರಿಸಿದ್ರೆ ಸರಿಹೋಗಲ್ಲ. ನೀವು ಹೂಂ ಅಂದ್ರೆ ಹೊಸ ಮನೆ ಅವಳಿಗೆ. ಏನಂತೀರಿ?" ಎಂದು ಕೇಳಿದರು.

ಮಗಳು ಟ್ರೇ ತೊಳೆಯುವುದನ್ನು ನಿಲ್ಲಿಸಲಿಲ್ಲ. ಆದರೆ ತೊಳೆದ ಟ್ರೇಯನ್ನೇ ಮತ್ತೆ ತೊಳೆಯುತ್ತಿದ್ದಳು. ಹುಟ್ಟಿದಾಗಿನಿಂದ ಅವಳಿಗೆ ಇಷ್ಟು ಬೇಕೆನಿಸಿದ ವಸ್ತು ಇನ್ನೊಂದಿರಲಿಲ್ಲ. ಸಂಶೋಧನಾ ಕೇಂದ್ರದ ಮೇಡಂ, ನಮ್ಮಲ್ಲಿಗೆ ಬಾ, ಕೆಲಸ ಕೊಡುತ್ತೇನೆ ಎಂದು ಎರಡು ಸಲ ಕೇಳಿದ್ದರೂ ಈ ಹೊಸ ಮನೆಯ ಆಸೆಗೇ ಅವಳು ಉತ್ತರ ಕೊಟ್ಟಿರಲಿಲ್ಲ.

ಹದಣ್ಣನ ಎದೆ ಉಬ್ಬಿತು. ಅವನ ಜೀವಮಾನದ ಆಸೆಯೂ ಅದೇ. ತನ್ನ ನಂತರ ಈ ಬೆಂಚುಗಳೆಲ್ಲ ಮಗಳವು ಎಂದು ಅವನು ಒಳಗೊಳಗೇ ಎಂದೋ ಬರೆದಿಟ್ಟಿದ್ದ. ಹೂಂ ಎನ್ನಲು ಒಂದು ಉಸಿರು ಬೇಕಿತ್ತು. ಚಾಳಿ ಬಿಡಬೇಕಲ್ಲ! ಈಗಲೇ ಕೊಟ್ಟರೆ ತಲೆಗೇರುತ್ತದೆ, ಇವತ್ತು ಇಲ್ಲ ಎಂದು ನಾಳೆ ಕೊಟ್ಟರೆ ಗಟ್ಟಿಯಾಗುತ್ತದೆ ಎಂದು ಲೆಕ್ಕ ಹಾಕಿದ. "ಇವಳಾ?" ಎಂದ. "ಒಂದು ಬಕೆಟ್ ನೀರು ಚೆಲ್ಲದೆ ತರೋಕೆ ಬರಲ್ಲ. ಇನ್ನೂ ಹದ ಆಗ್ಬೇಕು."

ಮಗಳು ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಒಳಗೆ ಹೋದಳು. ಯಜಮಾನರು ನಿಟ್ಟುಸಿರು ಬಿಟ್ಟರು. "ಇನ್ನೊಂದ್ಸಲ ಯೋಚ್ನೆ ಮಾಡಿ ನಾಳೆ ಹೇಳಿ."

ಮರುದಿನ ಬೆಳಿಗ್ಗೆ ಹದಣ್ಣ ಎಂದೂ ಇಲ್ಲದ ಹಾಗೆ ಇಸ್ತ್ರಿ ಅಂಗಿ ತೊಟ್ಟು ಹೊರಟ. ದಾರಿಯುದ್ದಕ್ಕೂ ಹೊಗಳುವ ಮಾತುಗಳನ್ನು ಹುಡುಕಿದ. "ನನ್ನ ಮಗಳು ಜಾಣೆ" ಎನ್ನೋಣವೆಂದರೆ ನಾಲಿಗೆ ಏಳಲಿಲ್ಲ. "ಅವಳ ಕೈಗುಣ ಚೆನ್ನಾಗಿದೆ" ಎಂದು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿಕೊಂಡ. ಬೇರೆ ಯಾರದೋ ಹಲ್ಲುಸೆಟ್ಟು ಬಾಯಲ್ಲಿಟ್ಟುಕೊಂಡ ಹಾಗಾಯಿತು. ಕೊನೆಗೆ ಎಲ್ಲವನ್ನೂ ಹಿಂಡಿ ಸೋಸಿ ಒಂದೇ ಮಾತು ಉಳಿಸಿಕೊಂಡ. ಒಂದು ಮನೆಯೇನು, ಹತ್ತು ಮನೆಗೂ ನನ್ನ ಮಗಳೊಬ್ಬಳು ಸಾಕು, ಬೇರೆ ಯಾರೂ ಬೇಡ. ಯಜಮಾನರ ಮೇಜಿನ ಮುಂದೆ ನಿಂತಾಗ ಅದರ ಹಿಂದೂ ಮುಂದೂ ಬೆವರಿನಲ್ಲಿ ತೊಳೆದುಹೋಗಿ ನಡುವಿನ ತುಂಡು ಮಾತ್ರ ಉಳಿದಿತ್ತು.

"ಹೇಳಿ ಹದಣ್ಣ, ಮಗಳ ವಿಷಯ ಏನಾಯ್ತು?"

"ಅವಳು ಸಾಕು" ಎಂದ ಹದಣ್ಣ, ಹುಬ್ಬು ಗಂಟುಹಾಕಿಕೊಂಡೇ. ಇಷ್ಟು ದೊಡ್ಡ ಹೊಗಳಿಕೆ ಆಡಿದ ನಾಚಿಕೆಗೆ ಮುಖ ಕೆಂಪಾಗಿತ್ತು.

ಯಜಮಾನರು ಆ ಕೆಂಪು ಮುಖ ನೋಡಿದರು, ಗಂಟು ಹುಬ್ಬು ನೋಡಿದರು, ಹಿಂದಿನ ದಿನದ ಬಕೆಟ್ಟು ನೆನೆದರು. ನೀನೂ ಸಾಕು, ನಿನ್ನ ಸಹವಾಸವೂ ಸಾಕು ಎನ್ನುವುದಿಲ್ಲವೇ, ಆ ಸಾಕು ಅವರ ಕಿವಿಗೆ ಬಿತ್ತು. ಹದಣ್ಣನ ಬಾಯಿಂದ ಬಂದದ್ದು ಬೇರೆ ಯಾವ ಸಾಕು ಇದ್ದೀತು? "ಆಯ್ತು ಬಿಡಿ" ಎಂದು ಬೇಸರದಿಂದ ಅಂದರು. ಆಯಿತು ಎಂದರಲ್ಲ ಎಂದು ಹದಣ್ಣ ಸಿಳ್ಳೆ ಹಾಕುತ್ತ ಬೆಂಚಿಗೆ ಬಂದ. ಆ ದಿನ ಸಸಿಗಳಿಗೆ ಬೀಡಿ ಸೇದುವ ಮೊದಲೇ ನೀರು ಸಿಕ್ಕಿತು. ನೀರಿನಕ್ಕ ಅವನಿಗೆ ಜ್ವರವೇನಾದರೂ ಬಂದಿದೆಯೋ ಎಂದು ವಿಚಾರಿಸಿದಳು.

ಯಜಮಾನರು ಮಧ್ಯಾಹ್ನ ಮಗಳನ್ನು ಕರೆದು, "ನಾನು ಪ್ರಯತ್ನಪಟ್ಟೆ ಕಣಮ್ಮ. ನಿಮ್ಮಪ್ಪ ಸಾಕು ಅಂದ್ಬಿಟ್ರು" ಎಂದರು. ಅವಳು "ಸರಿ ಸರ್" ಎಂದಳು. ಯಾಕೆ ಎಂದು ಕೇಳಲಿಲ್ಲ. ಅಪ್ಪನ ಬೆಂಚು ಕೂಗಳತೆಯಲ್ಲಿತ್ತು. ಹೋಗಿ ಕೇಳಬಹುದಿತ್ತು, ಅಳಬಹುದಿತ್ತು, ಜಗಳವಾಡಬಹುದಿತ್ತು. ತೊಟ್ಟಿಯ ಹಿಂದೆ ಹೋಗಿ ಮೇಡಂಗೆ ಫೋನು ಮಾಡಿ, "ನಾನು ಬರ್ತೀನಿ" ಎಂದಳು. ಮನೆಗೆ ಬಂದು ಅಮ್ಮನಿಗೆ ಮಾತ್ರ ಹೇಳಿದಳು. ಅಮ್ಮ ಅಟ್ಟದಿಂದ ಚೀಲ ಇಳಿಸಿಕೊಟ್ಟಳು.

ಮಗಳು ಮೌನವಾಗಿದ್ದುದನ್ನು ನೋಡಿ ಹದಣ್ಣ, ಸಂತೋಷ ತಡೆದುಕೊಳ್ಳಲು ಕಲಿತಿದ್ದಾಳೆ, ಭೇಷ್ ಎಂದುಕೊಂಡ. ಹೊಸ ವಾರ ಶುರುವಾದ ದಿನ ಅವಳಿಗಿಂತ ಮೊದಲೇ ಹೋಗಿ, ಹೊಸ ಸಸಿಮನೆಯ ಬಾಗಿಲಲ್ಲಿ, ಅವಳು ಒಳಗೆ ಕಾಲಿಡುವುದನ್ನು ನೋಡಲು ನಿಂತ. ಯಜಮಾನರ ಷಡ್ಡಕನ ಮಗ ಕಣ್ಣುಜ್ಜಿಕೊಳ್ಳುತ್ತ ಬಂದು ಬೀಗ ತೆಗೆದು ಒಳಗೆ ಹೋದ.

ಹದಣ್ಣ ಯಜಮಾನರ ಮೇಜಿಗೆ ಓಡಿದ. "ಇದೇನ್ ಸ್ವಾಮಿ? ಅವಳಿಗೆ ಅಂತ ಹೇಳಿದ್ನಲ್ಲ!"

"ಸಾಕು ಅಂದ್ರಲ್ಲ ನೀವೇ."

"ಹೌದು, ಸಾಕು ಅಂದೆ! ಸಾಕು ಅನ್ನೋ ಅರ್ಥದಲ್ಲಲ್ಲ, ಸಾಕು ಅನ್ನೋ ಅರ್ಥದಲ್ಲಿ!"

ಪೈಪು ಹಿಡಿದು ಹೋಗುತ್ತಿದ್ದ ನೀರಿನಕ್ಕ ನಿಂತಳು. "ಸಾಕೋದು, ಸಲಹೋದು ಅಂತೀವಲ್ಲ, ಆ ಸಾಕಾ?"

"ಅದಲ್ಲ! ಅವಳೊಬ್ಬಳಿದ್ರೆ ಸಾಕು! ಹೊಗಳಿದ್ದು ನಾನು! ಹೊ-ಗ-ಳಿ-ದ್ದು!"

ನೀರಿನಕ್ಕ ನಗಲು ಶುರುಮಾಡಿದಳು, ಅವಳನ್ನು ನೋಡಿ ಟ್ರೇ ಹೊರುವವರು ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಹದಣ್ಣ. ನಮ್ ಷಡ್ಡಕಂಗೆ ಮಾತು ಕೊಟ್ಟಾಯ್ತು. ನೀವು ಹೊಗಳ್ತೀರ ಅಂತ ನಾನಾದ್ರೂ ಹೇಗೆ ಅಂದ್ಕೊಳ್ಲಿ? ಅವಳು ಇವತ್ತು ಕೆಲಸ ಬಿಟ್ಟು ಮೇಡಂ ಹತ್ರ ಹೋಗ್ತಿದಾಳಂತಲ್ಲ, ನಿಮಗೆ ಹೇಳಿಲ್ವಾ?"

ಹದಣ್ಣ ಮನೆಗೆ ಬಂದಾಗ ಮಗಳು ಚೀಲದ ಬಾಯಿ ಕಟ್ಟುತ್ತಿದ್ದಳು. ಅವನು ಬಾಗಿಲಲ್ಲೇ ಏದುಸಿರು ಬಿಡುತ್ತ ನಡೆದದ್ದನ್ನೆಲ್ಲ ಹೇಳಿದ. ಯಾವ ಸಾಕು, ಯಾವ ಸಾಕು ಅಲ್ಲ, ಎಲ್ಲ. ಅಡುಗೆಮನೆಯಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಆ ಮನೆಯಲ್ಲಿ ಅವಳ ನಗು ಅವನು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಮೊದಲು ಯಾರೋ ಪಕ್ಕದ ಮನೆಯವರು ಎಂದುಕೊಂಡ.

ಮಗಳು ನಗಲಿಲ್ಲ. "ಇರಬಹುದಪ್ಪ. ಹೊಗಳಿದ್ದೇ ಇರಬಹುದು" ಎಂದಳು.

"ಮತ್ತೆ ಬಂದು ನನ್ನನ್ನ ಒಂದ್ಮಾತು ಕೇಳೋಕೇನಾಗಿತ್ತು ನಿಂಗೆ? ಹತ್ತು ಹೆಜ್ಜೆ ಇರಲಿಲ್ವಲ್ಲ!"

"ಕೇಳ್ಬೇಕು ಅಂತ ಹೊಳೀಲೇ ಇಲ್ಲ. ಸಾಕು ಅಂತ ಕಿವಿಗೆ ಬೀಳೋಷ್ಟರಲ್ಲಿ ಒಳಗೆಲ್ಲ ಮುಚ್ಕೊಂಡಾಗಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ನಂಗೆ ನೋವೂ ಆಗ್ಲಿಲ್ಲಪ್ಪ, ನಿಜವಾಗ್ಲೂ. ನೀನು ಚೆನ್ನಾಗೇ ಹದ ಮಾಡಿದೀಯ."

ಹದಣ್ಣನಿಗೆ ಹೆದರಿಕೆಯಾಯಿತು. ಉಳಿಯ ಹಿಡಿಗೂ ಅವನು ಇಷ್ಟು ಹೆದರಿದವನಲ್ಲ. ಬಸ್ಸಿನ ಹೊತ್ತಾಗುತ್ತಿತ್ತು. ಒಂದು ಒಳ್ಳೆಯ ಮಾತು, ಎರಡರ್ಥವಿಲ್ಲದ್ದು, ಮೂರು ವರ್ಷದ ಮಗುವಿಗೂ ತಿಳಿಯುವಂಥದ್ದು, ಈಗಲೇ ಹೇಳಬೇಕು. ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟ:

"ನಿನ್ನಷ್ಟು ಚೆನ್ನಾಗಿ ಸಸಿ ಎಬ್ಬಿಸೋರನ್ನ ನಾನು ನೋಡಿಲ್ಲ ಕಣಮ್ಮ. ನನ್ನನ್ನೂ ಸೇರಿಸಿ."

ಮಗಳು ಚೀಲವನ್ನು ಹೆಗಲಿಗೆ ಹಾಕಲು ಎತ್ತಿದವಳು ಹಾಗೇ ನಿಂತಳು. ಅವನ ಮುಖವನ್ನೇ ನೋಡಿದಳು. ಅವನೂ ನೋಡಿದ. ಅವಳು ಏನನ್ನೋ ಕಾಯುತ್ತಿದ್ದಳು. ಭುಜ ಸ್ವಲ್ಪ ಮೇಲಕ್ಕೆ ಸರಿದಿತ್ತು, ತುಟಿ ಬಿಗಿದಿತ್ತು. ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿತು. ಅವಳು ಕದಲಲಿಲ್ಲ.

"ಹೇಳಪ್ಪ" ಎಂದಳು.

"ಹೇಳಿದ್ನಲ್ಲಮ್ಮ."

"ಪೂರ್ತಿ ಹೇಳು. ಬಸ್ ಬಂತು. 'ಆದ್ರೆ' ಏನು?"

"ಆದ್ರೆ ಗೀದ್ರೆ ಏನೂ ಇಲ್ಲ. ಅಷ್ಟೇ."

ಅವಳು ಇನ್ನೂ ಕಾಯುತ್ತಲೇ ಇದ್ದಳು. ಕಣ್ಣಲ್ಲಿ ಈಗ ನಿಜವಾದ ಗಾಬರಿ ಕಾಣುತ್ತಿತ್ತು. ಬರಬೇಕಾದ ಪೆಟ್ಟು ಬಾರದೆ ಅವಳಿಗೆ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಹಾರ್ನು ಮತ್ತೊಮ್ಮೆ ಕೂಗಿತು. ಹದಣ್ಣ ಅವಳ ಬಿಗಿದ ಭುಜವನ್ನು ನೋಡಿದ. ತಲೆ ತಗ್ಗಿಸಿದ.

"ಆದ್ರೆ, ಚೀಲ ಕಟ್ಟೋದು ಇನ್ನೂ ಕಲೀಲಿಲ್ಲ ನೀನು. ದಾರೀಲಿ ಬಿಚ್ಚಿ ಚೆಲ್ಲಾಪಿಲ್ಲಿ ಆಗುತ್ತೆ ನೋಡು."

ಅವಳ ಭುಜ ಇಳಿಯಿತು. ಮುಖ ತಿಳಿಯಾಯಿತು. "ಸರಿಯಪ್ಪ" ಎಂದು ನಕ್ಕು, ಚೀಲ ಹೆಗಲಿಗೇರಿಸಿ, ಬಸ್ಸಿಗೆ ಓಡಿದಳು.